ದೇವರ ಜೊತೆ ಮಾತು ಬಿಟ್ಟ ಅತ್ತೆ

ಕಳೆದ ತಿಂಗಳು ಬೀದರಿನ ನಮ್ಮ ಗಲ್ಲಿಯ ದರ್ಜಿಯ ಹತ್ತಿರ ಒಂದು ಕುಪ್ಪಸ ಹೊಲಿಯಲು ಕೊಟ್ಟಿದ್ದೆ. ತರಲು ಹೋದಾಗ ಅವರು ಅದನ್ನು ಒಳಮಗ್ಗುಲಾಗಿ ತಿರುವಿ, ಹೊಲಿಗೆಯ ಆಚೆ ಉಳಿಸಿದ್ದ ಬಟ್ಟೆಯನ್ನು ಅಭಿಮಾನದಿಂದ ತೋರಿಸಿ, "ಒಳಗ ಬಟ್ಟಿ ಬಿಟ್ಟೀನ್ರಿ ಮೇಡಂ, ಮುಂದ ಬೇಕಾಗ್ತದ" ಎಂದರು. ಅರವತ್ತು ದಾಟಿದ, ನಿವೃತ್ತಿಯ ಶಾಲು ಹೊದಿಸಿಕೊಂಡು ಮನೆಗೆ ಬಂದ, ಮೊಮ್ಮಕ್ಕಳ ಕಣ್ಣಿಗೆ ಪೂರ್ಣವಿರಾಮದಂತೆ ಕಾಣುವ ನನ್ನಲ್ಲಿ ಇನ್ನೂ ಬೆಳವಣಿಗೆಯ ಸಾಧ್ಯತೆಯನ್ನು ಕಂಡವರು ಊರಿನಲ್ಲಿ ಅವರೊಬ್ಬರೇ. ಅವರು ಹೇಳಿದ ಬೆಳವಣಿಗೆ ಅಡ್ಡಡ್ಡಲಾದದ್ದು ಎಂಬುದು ನನಗೂ ಗೊತ್ತು. ಆದರೂ ದಾರಿಯುದ್ದಕ್ಕೂ ಹಿಗ್ಗಿಕೊಂಡೇ ಬಂದೆ.

ಬೆಳವಣಿಗೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಹಿಗ್ಗಾಗಲು ಬೇರೆ ಕಾರಣವೂ ಇದೆ. ಶಿಕ್ಷಕರಾಗಲು ಕಲಿಯುತ್ತಿದ್ದ ಹುಡುಗ ಹುಡುಗಿಯರಿಗೆ ನಾನು ಜೀವಮಾನವಿಡೀ ಬೋಧಿಸಿದ್ದು ಅದನ್ನೇ. ಮಾನವ ಬೆಳವಣಿಗೆಯ ಹಂತಗಳು ಎಂಬ ಪಾಠ ಬಂದ ದಿನ ಕರಿಹಲಗೆಯ ಮೇಲೆ ಮೆಟ್ಟಿಲು ಬರೆಯುತ್ತಿದ್ದೆ. ಕೆಳಗಿನ ಮೆಟ್ಟಿಲ ಮೇಲೆ ಅಂಬೆಗಾಲಿಡುವ ಕೂಸು, ನಡುವೆ ಕೈಕಟ್ಟಿ ಮುನಿಸಿಕೊಂಡ ಹದಿಹರೆಯ, ಅದರ ಮೇಲೆ ಸಂಸಾರ, ತುದಿಯಲ್ಲಿ ಕಣ್ಣುಮುಚ್ಚಿ ಕುಳಿತ ಒಬ್ಬ ಪ್ರಶಾಂತ ಮುದುಕ. ಚಿತ್ರಕಲೆಯಲ್ಲಿ ನನ್ನ ಪ್ರತಿಭೆ ಎಂಥದ್ದೆಂದರೆ, ಆ ಮುದುಕ ಧ್ಯಾನ ಮಾಡುತ್ತಿದ್ದಾನೋ ತೂಕಡಿಸುತ್ತಿದ್ದಾನೋ ಎಂದು ವಿದ್ಯಾರ್ಥಿಗಳು ಪ್ರತಿವರ್ಷ ಕೇಳುತ್ತಿದ್ದರು. ನಮ್ಮ ಕಡೆ ಮೆಟ್ಟಿಲಿಗೆ ಜೀನಾ ಎನ್ನುತ್ತಾರೆ. ಬದುಕುವುದಕ್ಕೆ ಹಿಂದಿಯಲ್ಲಿ ಹೇಳುವ ಮಾತೂ ಹೆಚ್ಚುಕಡಿಮೆ ಹಾಗೇ ಕೇಳಿಸುವುದರಿಂದ, ‘ಮೇಡಂ ಅವರ ಜೀನಾ’ ಎಂಬ ಹೆಸರಿನಿಂದ ಆ ಪಾಠ ಸಂಸ್ಥೆಯಲ್ಲಿ ಅಲ್ಪಸ್ವಲ್ಪ ಖ್ಯಾತಿಯನ್ನೂ ಗಳಿಸಿತ್ತು.

ಪಾಠ ಮಾಡುವಾಗ ನನಗೊಂದೇ ತೊಡಕು ಎದುರಾಗುತ್ತಿತ್ತು. ನನ್ನನ್ನು ಸಾಕಿದ ಸುಗುಣತ್ತೆಯನ್ನು ಆ ಜೀನಾದ ಯಾವ ಮೆಟ್ಟಿಲ ಮೇಲೆ ನಿಲ್ಲಿಸಬೇಕೆಂಬುದು ಕೊನೆಯವರೆಗೂ ತಿಳಿಯಲಿಲ್ಲ. ಅವರ ಕತೆಯನ್ನು ನಿಮ್ಮ ಮುಂದಿಡುತ್ತೇನೆ. ನಿಮಗೆ ತಿಳಿದರೆ ಅಲ್ಲಿ ನಿಲ್ಲಿಸಿ.

ಅಪ್ಪ ಔರಾದ ತಾಲ್ಲೂಕಿನ ಡಾಬಕಾದಲ್ಲಿ ಮಾಸ್ತರರಾಗಿದ್ದರು. ಅಲ್ಲಿ ಚಿಕ್ಕ ಶಾಲೆ ಬಿಟ್ಟರೆ ಮುಂದಕ್ಕಿರಲಿಲ್ಲ. ಹಾಗಾಗಿ ಓದಿಗೆಂದು ನನ್ನನ್ನು ಭಾಲ್ಕಿಗೆ, ತಮ್ಮ ಅಕ್ಕ ಸುಗುಣಮ್ಮನ ಮನೆಗೆ ಕಳಿಸಿದರು. ಅತ್ತೆ ದವಾಖಾನೆಯಲ್ಲಿ ನರ್ಸು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಭಾಲ್ಕಿಯ ಅರ್ಧ ಮಕ್ಕಳು ತಮ್ಮ ಕೈಯಲ್ಲೇ ಹುಟ್ಟಿದ್ದರಿಂದ ಅವರು ಆ ಕೊರತೆಯನ್ನು ಗಮನಿಸಿದಂತಿರಲಿಲ್ಲ. ಬಿಳಿ ಸೀರೆ, ಎದೆಗೆ ಪಿನ್ನು ಹಾಕಿ ಸಿಕ್ಕಿಸಿದ ಗಡಿಯಾರ, ಬೀದಿಯ ಈ ತುದಿಯಿಂದ ಆ ತುದಿಗೆ ಕೇಳಿಸುವ ಚಪ್ಪಲಿಯ ಸದ್ದು: ಅವರು ಬರುತ್ತಿದ್ದರೆ ದೊಡ್ಡ ಗಂಡಸರೂ ಬೀಡಿ ಹಿಂದಕ್ಕೆ ಹಿಡಿಯುತ್ತಿದ್ದರು, ಏಕೆಂದರೆ ಅವರ ಮೊದಲ ಅಳುವನ್ನು ಕೇಳಿದ್ದವರು ಆಕೆ.

ನಮ್ಮದು ತಲೆಮಾರುಗಳಿಂದ ಚರ್ಚಿಗೆ ಹೋಗುವ ಮನೆತನ. ಆದರೆ ಅತ್ತೆ ದೇವರೊಂದಿಗೆ ಇಟ್ಟುಕೊಂಡಿದ್ದ ಸಂಬಂಧ ಭಾನುವಾರಕ್ಕೆ ಸೀಮಿತವಾದದ್ದಲ್ಲ. ಒಂದೇ ಪಾಳಿಯಲ್ಲಿ ದುಡಿಯುವ ಸಹೋದ್ಯೋಗಿಯ ಜೊತೆ ಮಾತಾಡುವಂತೆ ದಿನವಿಡೀ ಅವನೊಡನೆ ಮಾತಾಡುತ್ತಿದ್ದರು. ಸೌದೆ ಹಸಿಯಾಗಿದ್ದರೆ ಅವನಿಗೆ ಹೇಳುವರು, ಹಲಬರ್ಗಾದ ಬಸುರಿಗೆ ಕಾಲು ಬಾತಿದ್ದರೆ ಅವನಿಗೆ ಹೇಳುವರು. ಒಮ್ಮೊಮ್ಮೆ ನಡುವೆ ನಿಲ್ಲಿಸಿ, "ತಡಿ, ಹಾಲು ಉಕ್ಕಲತ್ತದ, ಆಮ್ಯಾಲ ಹೇಳ್ತೇನಿ" ಎಂದು ಅವನನ್ನು ಕಾಯಿಸುತ್ತಲೂ ಇದ್ದರು. ದೇವರು ಕಾಯುತ್ತಾನೆ ಎಂದು ಭಾನುವಾರದ ಶಾಲೆಯಲ್ಲಿ ಕಲಿಸಿದಾಗ, ಹಾಲು ಇಳಿಸುವವರೆಗೆ ಎಂದು ನಾನು ಅರ್ಥ ಮಾಡಿಕೊಂಡಿದ್ದೆ.

ನಾನು ಭಾಲ್ಕಿಗೆ ಬಂದ ಕೆಲವೇ ದಿನಗಳಲ್ಲಿ ಬರಗಾಲವೂ ಬಂತು. ಎಪ್ಪತ್ತರ ದಶಕದ ಆರಂಭದ ಆ ವರ್ಷಗಳನ್ನು ನಮ್ಮ ಭಾಗದ ಹಿರಿಯರು ಇಂದಿಗೂ ಕೆಂಪು ಜೋಳದ ಮೇಲಿಂದ ಗುರುತಿಸುತ್ತಾರೆ. ಹಡಗಿನಲ್ಲಿ ಬಂತೆಂದು ಹೇಳುವ ಆ ಜೋಳದ ರೊಟ್ಟಿ ತಟ್ಟುವಾಗ ಕೈಗೆ ಬಾರದೆ, ಬೆಂದ ಮೇಲೆ ಹಲ್ಲಿಗೆ ಬಾರದೆ ಸತಾಯಿಸುತ್ತಿತ್ತು. ಮೃಗಶಿರೆಯ, ನಮ್ಮ ಬಾಯಲ್ಲಿ ಮಿರಗದ, ಮಳೆ ಕೈಕೊಟ್ಟು ಕಪ್ಪು ನೆಲ ಬಾಯಿಬಿಟ್ಟಿತು. ಬಾವಿಗೆ ಇಳಿಬಿಟ್ಟ ಕೊಡ ತಳದ ಕಲ್ಲಿಗೆ ಬಡಿದ ಸದ್ದು ಮೇಲೆ ಬರುತ್ತಿತ್ತು, ನೀರು ಬರುತ್ತಿರಲಿಲ್ಲ. ಜನ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿನ ಕಡೆಗೋ ಪುಣೆಯ ಕಡೆಗೋ ಹೊರಟರು. ನಮ್ಮ ತರಗತಿಯ ಜಾಣ ಮಕ್ಕಳೆಲ್ಲ ತಾಯಿತಂದೆಯರ ಬೆನ್ನುಹತ್ತಿ ಹೋದ ಕಾರಣ, ಅಲ್ಲಿಯವರೆಗೆ ಕೊನೆಯ ಬೆಂಚನ್ನು ಅಲಂಕರಿಸಿದ್ದ ನಾನು ಆ ವರ್ಷ ಮೂರನೆಯ ನಂಬರು ಪಡೆದು ಪಾಸಾದೆ. ಡಾಬಕಾದಲ್ಲಿ ಅಪ್ಪ ಸಕ್ಕರೆ ಹಂಚಿದರು. ನನಗೇಕೋ ಅದು ಸಿಹಿ ಎನಿಸಲಿಲ್ಲ.

ಹಾಗೆ ಹೊರಟವರಲ್ಲಿ ಗಂಗಾಬಾಯಿಯೂ ಒಬ್ಬಳು.

ಗಂಗಾಬಾಯಿಯ ಮನೆ ನಮ್ಮ ಹಿಂದಿನ ಓಣಿಯಲ್ಲಿತ್ತು. ಅವರದು ಬೌದ್ಧರ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಸದಾ ನಗುವ ಗಂಗಾಬಾಯಿ. ಅತ್ತೆಗಿಂತ ಬಹಳ ಚಿಕ್ಕವಳಾದರೂ ಇಬ್ಬರಿಗೂ ಬಿಡಿಸಲಾಗದ ಗೆಳೆತನ. ಸಂಜೆಯಾದರೆ ನಮ್ಮ ಕಟ್ಟೆಗೆ ಬಂದು ಕೂತು ಚಹಾ ಕುಡಿಯುವಳು, ಅತ್ತೆ ಅಡಿಗೆಮನೆಯಲ್ಲಿ ದೇವರೊಡನೆ ಆಡುವ ಮಾತಿಗೆ ಹೊರಗಿನಿಂದಲೇ ಬಾಯಿ ಹಾಕುವಳು. "ನಮ್ಮ ಬುದ್ಧ ಚಲೋ ಇದ್ದಾನ್ರಿ ಅಕ್ಕಾ. ಏನೂ ಕೊಡ್ತೇನಿ ಅಂದಿಲ್ಲ, ಅದಕ್ಕ ನಮ್ಮ ನಡುವ ತಕರಾರೇ ಇಲ್ಲ" ಎಂದು ಅವಳು ಚುಚ್ಚಿದರೆ ಅತ್ತೆ ಲಟ್ಟಣಿಗೆ ತೋರಿಸುತ್ತಿದ್ದರು.

ಆ ನಗುಮುಖದ ಹಿಂದೆ ಒಂದು ನೋವಿತ್ತು. ಎರಡು ಸಲ ಬಸಿರು ನಿಂತು ಎರಡು ಸಲವೂ ಉಳಿದಿರಲಿಲ್ಲ. ಬರಗಾಲದ ಎರಡನೆಯ ವರ್ಷ ಮತ್ತೆ ಬಸುರಿಯಾದಾಗ ಅತ್ತೆ ಅವಳನ್ನು ಕಣ್ಣರೆಪ್ಪೆಯಂತೆ ಕಾಯತೊಡಗಿದರು. ಈ ಕೂಸು ತಮ್ಮ ಕೈಯಲ್ಲೇ ಹುಟ್ಟಬೇಕೆಂದು ಅವಳಿಗೂ ಹೇಳಿದರು, ದೇವರಿಗೂ ಹೇಳಿದರು. ಅವನು ಒಪ್ಪಿದ್ದಾನೆ ಎಂಬ ಭಾವನೆ ಅತ್ತೆಗೆ ಹೇಗೆ ಬಂತೋ ತಿಳಿಯದು, ಆದರೆ ದಿನ ತುಂಬುತ್ತಾ ಬಂದಂತೆ ಅವರ ಮುಖದಲ್ಲಿ ಮಾತು ಮುಗಿಸಿ ಕೈಕುಲುಕಿ ಬಂದವರ ನೆಮ್ಮದಿ ಇತ್ತು.

ಅಷ್ಟರಲ್ಲಿ ಗಂಗಾಬಾಯಿಯ ಗಂಡ ಮಾರುತಿಗೆ ಇಲ್ಲಿನ ಕೂಲಿ ಪೂರಾ ನಿಂತುಹೋಯಿತು. ಹೈದರಾಬಾದಿನಲ್ಲಿ ಕಟ್ಟಡದ ಕೆಲಸವಿದೆ ಎಂದು ಯಾರೋ ಕರೆದರು, ಗಂಡಹೆಂಡತಿ ಇಬ್ಬರೂ ಬಂದರೆ ಮಾತ್ರ ಇರಲು ಜಾಗ ಎಂದರು. ಅತ್ತೆ ಬೇಡವೆಂದರು, ಗದರಿಸಿದರು, ನಮ್ಮ ಮನೆಯಲ್ಲೇ ಇರೆಂದರು. ನಮ್ಮ ಮನೆಯ ಕೊಡವೂ ಬಾವಿಯ ತಳಕ್ಕೇ ಬಡಿಯುತ್ತಿರುವುದನ್ನು ಗಂಗಾಬಾಯಿ ನೋಡಿದ್ದಳು. ನಕ್ಕು ಗಂಟು ಕಟ್ಟತೊಡಗಿದಳು. ಆಗ ಅತ್ತೆ ಮನುಷ್ಯರೊಡನೆ ವಾದ ನಿಲ್ಲಿಸಿ ದೇವರ ಕಡೆ ತಿರುಗಿದರು. ಇವರ ಗಾಡಿ ಹೊರಡುವ ಮುಂಚೆ ಒಂದು ಮಳೆ ಬೀಳಲಿ, ಬಿತ್ತನೆಯ ಕೆಲಸ ಶುರುವಾಗಲಿ, ಇವರು ನಿಲ್ಲಲಿ. ಸಾಲು ಮೂರೇ, ಆದರೆ ಆ ವಾರವೆಲ್ಲ ಮನೆಯಲ್ಲಿ ಅದೇ ಮಾತು. ಹಾಲು ಉಕ್ಕಿದರೂ ಅತ್ತೆ ಅದನ್ನು ನಿಲ್ಲಿಸಲಿಲ್ಲ.

ಹೊರಡುವ ದಿನ ಮೋಡ ಕಟ್ಟಿತು. ಉದಗೀರದ ದಿಕ್ಕಿನಿಂದ ಗುಡುಗೂ ಕೇಳಿಸಿತು. ಭಾಲ್ಕಿಯ ಸ್ಟೇಷನ್ನಿನಲ್ಲಿ ಗಂಟುಗಳ ನಡುವೆ ಕೂತ ಜನರೆಲ್ಲ ಹಳಿಯನ್ನು ನೋಡುತ್ತಿದ್ದರೆ ಅತ್ತೆ ಒಬ್ಬರೇ ಆಕಾಶ ನೋಡುತ್ತಿದ್ದರು. ಗಾಡಿ ಬಂತು. ಮಳೆ ಬರಲಿಲ್ಲ. ಅತ್ತೆ ಒಂದು ಗಂಟನ್ನು ಗಂಗಾಬಾಯಿಯ ಮಡಿಲಿಗೆ ಹಾಕಿದರು: ಕುದಿಸಿ ಒಣಗಿಸಿದ ಬಟ್ಟೆ, ಹೊಸ ಬ್ಲೇಡು, ದಾರ, ಔಷಧದ ಸಣ್ಣ ಸೀಸೆ. ಹೆರಿಗೆಯ ಹೊತ್ತಿಗೆ ಯಾರು ಪಕ್ಕದಲ್ಲಿರುತ್ತಾರೋ ಅವರಿಗೆ ಏನೇನು ಹೇಳಬೇಕು ಎಂಬುದನ್ನು ಕಿಟಕಿಯ ಸರಳು ಹಿಡಿದುಕೊಂಡು, ಗಾಡಿ ಚಲಿಸುವವರೆಗೂ ಹೇಳಿದರು. ಗಾಡಿ ಹಲಬರ್ಗಾದ ಕಡೆ ತಿರುಗಿ ಮರೆಯಾಯಿತು.

ಮಾರನೆಯ ಬೆಳಿಗ್ಗೆ ಮಳೆ ಬಂತು.

ದೊಡ್ಡ ಮಳೆಯೇನಲ್ಲ, ಅಂಗಳದ ಧೂಳು ಕೂರುವಷ್ಟು. ಬಂದು, ಸ್ವಲ್ಪ ಹೊತ್ತು ಸದ್ದು ಮಾಡಿ, ಮುಂದಿನ ವರ್ಷದ ತನಕ ಮುಖ ತೋರಿಸದೆ ಹೋಯಿತು. ಅತ್ತೆ ದವಾಖಾನೆಗೆ ಹೊರಟವರು ಹೊಸ್ತಿಲ ಆಚೆ ನಿಂತು ನೆನೆದರು. ಮೇಲೆ ನೋಡಿ ಒಂದೇ ಮಾತು ಆಡಿದರು: "ಕೊಡೋದಿತ್ತಂದ್ರ ನಿನ್ನಿ ಕೊಡಬೇಕಿತ್ತು." ಒಳಗೆ ಬಂದು ಸೀರೆ ಬದಲಿಸಿದರು, ಬಾಗಿಲು ಹಾಕಿದರು. ಆ ದಿನದಿಂದ ಸುಗುಣತ್ತೆ ದೇವರ ಜೊತೆ ಮಾತು ಬಿಟ್ಟರು.

ಮಾತು ಬಿಡುವುದೆಂದರೆ ಏನು ಎಂಬುದನ್ನು ಕೂಡು ಕುಟುಂಬದಲ್ಲಿ ಬೆಳೆದ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಒಂದೇ ಪಡಸಾಲೆಯಲ್ಲಿ ಉಂಡು ಮಲಗುವ ಅಣ್ಣತಮ್ಮಂದಿರು ವರ್ಷಗಟ್ಟಲೆ ಎದುರುಬದುರಾಗಿ ಕೂತು, ನಡುವಿನ ಮಗುವಿನ ಮೂಲಕ ಉಪ್ಪು ಕೇಳುತ್ತಾರಲ್ಲ, ಅಂಥ ಮಾತುಬಿಡುವಿಕೆ ಇದು. ಅತ್ತೆ ಚರ್ಚು ತಪ್ಪಿಸಲಿಲ್ಲ. ಮೊದಲಿಗಿಂತ ಬೇಗ ಹೋಗಿ, ಮೊದಲಿಗಿಂತ ಮುಂದಿನ ಸಾಲಿನಲ್ಲಿ, ತಮ್ಮ ಮೌನ ಅವನ ಕಣ್ಣಿಗೆ ನೇರವಾಗಿ ಬೀಳುವಂತೆ ಕುಳಿತರು. ಎಲ್ಲರೂ ಹಾಡಲು ಎದ್ದರೆ ಎದ್ದರು, ತುಟಿ ಬಿಚ್ಚಲಿಲ್ಲ. ಊಟದ ಮುಂಚಿನ ಪ್ರಾರ್ಥನೆಯನ್ನು ನನಗೆ ವಹಿಸಿದರು. "ನೀ ಹೇಳು. ನಿನಗೇನೂ ತಕರಾರಿಲ್ಲಲ್ಲ" ಎಂದರು. ನಾನು ಕಣ್ಣುಮುಚ್ಚಿ ಹೇಳುತ್ತಿದ್ದರೆ ಪಕ್ಕದಿಂದ ಸಣ್ಣ ದನಿಯಲ್ಲಿ ಸುದ್ದಿ ಬರುತ್ತಿತ್ತು: ಕಮಲನಗರದಿಂದ ಬಂದ ಬಾಣಂತಿಗೆ ಜ್ವರ ಇಳಿದಿಲ್ಲವೆಂದು ಹೇಳು, ಔಷಧದ ಪೆಟ್ಟಿಗೆ ಇನ್ನೂ ತಲುಪಿಲ್ಲವೆಂದು ಹೇಳು. ಹೀಗೆ ಎಳೆಯ ವಯಸ್ಸಿನಲ್ಲೇ ನಾನು ಭಾಲ್ಕಿಗೂ ಪರಲೋಕಕ್ಕೂ ನಡುವಿನ ರಾಯಭಾರಿಯಾದೆ. ಆ ಹುದ್ದೆಯ ಗತ್ತು ನನ್ನ ನಡಿಗೆಯಲ್ಲೂ ಕಾಣಿಸುತ್ತಿತ್ತೆಂದು ಗೆಳತಿಯರು ಹೇಳುತ್ತಿದ್ದರು. ಗಂಗಾಬಾಯಿಯ ವಿಷಯವನ್ನು ಮಾತ್ರ ಅತ್ತೆ ಒಂದು ದಿನವೂ ನನ್ನ ಕೈಲಿ ಹೇಳಿಸಲಿಲ್ಲ. ಅದನ್ನು ನಾನೇ, ಆಮೆನ್ ಅನ್ನುವ ಮುಂಚೆ, ಮನಸ್ಸಿನಲ್ಲಿ ಸೇರಿಸುತ್ತಿದ್ದೆ.

ಗಂಗಾಬಾಯಿಯ ಸುದ್ದಿ ಬರಲೇ ಇಲ್ಲ. ಅವರಿದ್ದ ಕಟ್ಟಡ ಮುಗಿದು ಬೇರೆಲ್ಲಿಗೋ ಹೋದರು ಎಂದು ಹೈದರಾಬಾದಿನಿಂದ ಬಂದ ಒಬ್ಬರು ಹೇಳಿದರು. ಕೂಸಿನ ವಿಷಯ ಅವರಿಗೂ ಗೊತ್ತಿರಲಿಲ್ಲ. ಆ ದಿನ ಅತ್ತೆ ಊಟ ಬಿಟ್ಟರು. ದವಾಖಾನೆಯಲ್ಲಿ ಅವರು ಯಾವ ಕೂಸನ್ನು ಎತ್ತಿಕೊಂಡರೂ ಒಂದು ಗಳಿಗೆ ಅದರ ಮುಖವನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತಿದ್ದರು.

ನಮ್ಮ ಪಾಸ್ಟರು ಒಳ್ಳೆಯ ಮನುಷ್ಯರು. ಹೊಲದ ಬದುವಿನ ಜಗಳ ಬಗೆಹರಿಸುವ ಹಿರಿಯರಂತೆ ಒಂದು ದಿನ ಸಂಧಾನಕ್ಕೆ ಬಂದರು. ಚಹಾ ಕುಡಿದು, ಬಹಳ ಹೊತ್ತು ಕೆಂಪು ಜೋಳದ ದೋಷಗಳನ್ನು ಚರ್ಚಿಸಿ, ಕೊನೆಗೆ, ದೊಡ್ಡವರ ಮೇಲೆ ಇಷ್ಟು ದಿನ ಸಿಟ್ಟು ಇಟ್ಟುಕೊಳ್ಳಬಾರದೆಂದು ಮೆಲ್ಲಗೆ ಹೇಳಿದರು. "ದೊಡ್ಡವರು ದೊಡ್ಡವರಂಗ ಇರಬೇಕ್ರಿ" ಎಂದರು ಅತ್ತೆ. ಪಾಸ್ಟರು ಎರಡನೆಯ ಕಪ್ಪು ಚಹಾ ಕೇಳಿದರು, ಆ ವಿಷಯ ಮತ್ತೆ ಎತ್ತಲಿಲ್ಲ.

ಕೊನೆಗೂ ಒಂದು ವರ್ಷ ಒಳ್ಳೆಯ ಮಳೆಯಾಯಿತು. ಬಾವಿಯಲ್ಲಿ ಕೊಡ ಮುಳುಗಿತು, ಉದ್ದು ಹೆಸರು ಕೈಗೆ ಬಂದವು, ಚರ್ಚಿನಲ್ಲಿ ಕೃತಜ್ಞತೆಯ ಆರಾಧನೆ ನಡೆಯಿತು. ಈಗಲಾದರೂ ಅತ್ತೆಯ ಮುನಿಸು ಕರಗುವುದೆಂದು ಎಲ್ಲರೂ ಎಣಿಸಿದ್ದರು. ಅತ್ತೆ ಎಂದಿನಂತೆ ಮುಂದಿನ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತರು. ದಾರಿಯಲ್ಲಿ ನಾನು ಕಾರಣ ಕೇಳಿದೆ. "ಮಳಿ ಬಂತಂತ ಮಾತಾಡಿದ್ರ ಮಳಿ ಜೋಡಿ ಮಾತಾಡ್ದಂಗ ಆಗ್ತದ" ಎಂದರು. ಆಗ ನನಗೆ ಅದು ಹಟಮಾರಿತನವಾಗಿ ಕಂಡಿತು. ಈಗ ಯೋಚಿಸಿದರೆ, ಕೊಟ್ಟದ್ದಕ್ಕಾಗಿ ಹೊಗಳುವುದನ್ನೂ ಕೊಡದ್ದಕ್ಕಾಗಿ ಬೈಯುವುದನ್ನೂ ಅತ್ತೆ ಎಂದೋ ದಾಟಿದ್ದರು, ಇನ್ನೇನೋ ಒಂದನ್ನು ಕಾಯುತ್ತಿದ್ದರು ಎನಿಸುತ್ತದೆ. ಅದೇನೆಂಬುದು ಅವರಿಗೂ ತಿಳಿದಿತ್ತೋ ಇಲ್ಲವೋ.

ನಾನು ಓದಲು ಗುಲಬರ್ಗಾಕ್ಕೆ ಹೋದೆ. ಅಲ್ಲಿ ಹಾಸ್ಟೆಲಿನ ಮೊದಲ ವರ್ಷದಲ್ಲೇ, ಆ ವಯಸ್ಸಿನ ಬಹಳ ಮಂದಿಯಂತೆ, ದೇವರಿಲ್ಲವೆಂದು ಕಂಡುಹಿಡಿದೆ. ಈ ಸಂಶೋಧನೆಯನ್ನು ಮೊದಲು ಹಂಚಿಕೊಳ್ಳಬೇಕಾದವರು ಅತ್ತೆ ಎನಿಸಿತು. ಎಷ್ಟೆಂದರೂ ಅವರು ನನಗಿಂತ ಮೊದಲೇ ಆ ದಾರಿ ಹಿಡಿದವರು ತಾನೆ? ರಜೆಗೆ ಬಂದವಳು ಊಟಕ್ಕೆ ಕೂತಾಗ, ಪ್ರಾರ್ಥನೆ ಹೇಳಲಾರೆನೆಂದೂ, ನಾವಿಬ್ಬರೂ ಇನ್ನು ಮುಂದೆ ಒಂದೇ ಪಕ್ಷದವರೆಂದೂ ಘೋಷಿಸಿದೆ. ಅತ್ತೆಯ ಕೈಯ ತುತ್ತು ನಿಂತಿತು. ಅಷ್ಟು ಸಿಟ್ಟನ್ನು ನಾನು ಅವರ ಮುಖದಲ್ಲಿ ಅದಕ್ಕೂ ಹಿಂದೆ ನೋಡಿರಲಿಲ್ಲ.

"ನಾ ಮಾತು ಬಿಟ್ಟೀನಿ. ಅಂವ ಇಲ್ಲಂತ ಅಂದೀನೇನು?" ಎಂದರು. "ಇಲ್ಲದವನ ಮ್ಯಾಲ ಇಷ್ಟು ವರ್ಷ ಯಾರರೆ ನಾರಾಜ ಇರ್ತಾರೇನು?"

ನನ್ನ ನಾಸ್ತಿಕತೆಗೆ ಬಿದ್ದ ಮೊದಲ ಪೆಟ್ಟು ಅದು. ಅದರಿಂದ ಚೇತರಿಸಿಕೊಳ್ಳಲು ನಾನು ಮನಃಶಾಸ್ತ್ರದ ಆಶ್ರಯ ಪಡೆದೆ. ಮುಂದಿನ ವರ್ಷಗಳಲ್ಲಿ ಆ ಶಾಸ್ತ್ರದ ಪಾರಿಭಾಷಿಕ ಪದಗಳು ಬಾಯಿಗೆ ಬಂದಂತೆಲ್ಲ ಮನೆಮಂದಿಯನ್ನೆಲ್ಲ ಮೆಟ್ಟಿಲಿನ ಮೇಲೆ ನಿಲ್ಲಿಸಿದೆ. ಅಪ್ಪನನ್ನು ಪ್ರೌಢಾವಸ್ಥೆಯಲ್ಲೂ ನನ್ನನ್ನು ಅದಕ್ಕೂ ಮೇಲೆ ಎಲ್ಲೋ ಒಂದು ಕಡೆಯಲ್ಲೂ ಇಟ್ಟು, ಅತ್ತೆ ಹದಿಹರೆಯದಲ್ಲಿ ಸಿಕ್ಕಿಬಿದ್ದಿದ್ದಾರೆಂದು ತೀರ್ಪು ಕೊಟ್ಟೆ. ತೀರ್ಪನ್ನು ಅವರಿಗೆ ತಿಳಿಸುವ ಧೈರ್ಯ ಮಾತ್ರ ನನಗೆ ಯಾವ ಶಾಸ್ತ್ರದಿಂದಲೂ ಒದಗಲಿಲ್ಲ.

ನಾನು ಓದು ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಭಾಲ್ಕಿಯಲ್ಲಿದ್ದಾಗ ಒಂದು ದಿನ ಬೆಳಿಗ್ಗೆ ಕಟ್ಟೆಯ ಮೇಲೆ ಯಾರೋ ಬಂದು ಕೂತು, ಚಹಾ ಆಗಿದೆಯೇ ಎಂದು ಕೂಗಿ ಕೇಳಿದರು. ಅತ್ತೆ ಒಳಗಿನಿಂದ ಬಂದು ಬಾಗಿಲಿನಲ್ಲಿ ನಿಂತುಬಿಟ್ಟರು. ಗಂಗಾಬಾಯಿ. ಸ್ವಲ್ಪ ದಪ್ಪಗಾಗಿದ್ದಳು, ಕೂದಲಲ್ಲಿ ನಡುನಡುವೆ ಬೆಳ್ಳಿ ಬಂದಿತ್ತು, ನಗು ಮಾತ್ರ ಹಾಗೇ ಇತ್ತು. ಪಕ್ಕದಲ್ಲಿ ಎರಡು ಜಡೆಯ ಒಂದು ಹುಡುಗಿ ಅತ್ತೆಯ ಎದೆಯ ಗಡಿಯಾರವನ್ನು ಬಿಟ್ಟಕಣ್ಣಿನಿಂದ ನೋಡುತ್ತಿತ್ತು.

ಗಂಡನ ಕಡೆಯವರ ಮದುವೆಗೆಂದು ಬಂದಿದ್ದರಂತೆ, ಸಂಜೆಯ ಗಾಡಿಗೆ ಹಿಂತಿರುಗುವವರು. ಇಷ್ಟು ವರ್ಷ ಒಂದು ಸುದ್ದಿಯಿಲ್ಲವಲ್ಲ ಎಂದು ಅತ್ತೆ ಕೇಳಿದರೆ, ಬರುವ ವರ್ಷ ಹೋಗಿ ಕಣ್ಣಾರೆ ತೋರಿಸೋಣವೆಂದು ಪ್ರತಿವರ್ಷ ಅಂದುಕೊಂಡೆ, ವರ್ಷಗಳು ಹೀಗೆ ಓಡಿದವು ಎಂದಳು. ಕೂಸು ಹುಟ್ಟಿದ್ದು ಅರ್ಧ ಕಟ್ಟಿದ ಒಂದು ಮನೆಯಲ್ಲಿ, ಬಾಗಿಲು ಕೂಡಿಸಿರದ ಕೋಣೆಯಲ್ಲಿ. ಪಕ್ಕದಲ್ಲಿದ್ದವಳು ಯಾದಮ್ಮ ಎಂಬ ತೆಲುಗು ಹೆಂಗಸು, ಇವಳಂತೆಯೇ ಇಟ್ಟಿಗೆ ಹೊರುವವಳು. ಅತ್ತೆ ಕಿಟಕಿಯ ಸರಳು ಹಿಡಿದು ಹೇಳಿದ್ದನ್ನೆಲ್ಲ ಗಂಗಾಬಾಯಿ ನೋವಿನ ನಡುವೆಯೂ ಒಂದೊಂದಾಗಿ ಕನ್ನಡದಲ್ಲಿ ಹೇಳುತ್ತ ಹೋದಳಂತೆ. ಯಾದಮ್ಮನಿಗೆ ಒಂದಕ್ಷರ ತಿಳಿಯಲಿಲ್ಲ, ಆದರೆ ಗಂಟನ್ನು ಬಿಚ್ಚಿ ನೋಡಿದ್ದೇ ಎಲ್ಲ ತಿಳಿಯಿತು. ಹೀಗೆ ತಾಯಿ ಮಗು ಇಬ್ಬರೂ ಉಳಿದರು. ಅತ್ತೆ ಹುಡುಗಿಯನ್ನು ಹತ್ತಿರ ಕರೆದು, ಗದ್ದ ಹಿಡಿದೆತ್ತಿ, ಅದರ ಮುಖವನ್ನು ಬಹಳ ಹೊತ್ತು ನೋಡಿದರು. ಹೆಸರೇನೆಂದು ಕೇಳಿದರು. ಕೇಳುವಾಗ ಅವರ ಮುಖದಲ್ಲಿ ಉತ್ತರ ಮೊದಲೇ ಗೊತ್ತಿರುವವರ ನಾಚಿಕೆ ಮಿಶ್ರಿತ ಸಂತೋಷ ಕಂಡಿತು.

"ಯಾದಮ್ಮ" ಎಂದಿತು ಹುಡುಗಿ.

"ಬಟ್ಟಿ ನಂದು, ದಾರ ನಂದು, ಹೆಸರು ಆಕೀದೇನು?" ಎಂದರು ಅತ್ತೆ. ಗಂಗಾಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಅತ್ತೆಯನ್ನು ಕೆಣಕಿತೋ ಏನೋ, ಇಷ್ಟು ವರ್ಷ ಯಾರೆದುರಿಗೂ ಬಿಚ್ಚದಿದ್ದುದನ್ನು ಒಮ್ಮೆಲೇ ಹೇಳಿಬಿಟ್ಟರು: ನೀನು ಹೋದ ಮಾರನೆಯ ದಿನ ಮಳೆ ಬಂತು, ಅಂದಿನಿಂದ ನಿನ್ನ ಸಲುವಾಗಿ ನಾನು ದೇವರ ಜೊತೆ ಮಾತು ಬಿಟ್ಟಿದ್ದೇನೆ. ಹೇಳಿ, ಕಣ್ಣೊರೆಸಿಕೊಂಡು, ಗೆಳತಿ ಕೈಹಿಡಿದು ಅಳುತ್ತಾಳೆಂದು ಕಾದರು.

ಗಂಗಾಬಾಯಿಯ ನಗು ಮೆಲ್ಲಗೆ ನಿಂತಿತು. ಕಪ್ಪನ್ನು ಕೆಳಗಿಟ್ಟಳು.

"ಅಕ್ಕಾ, ಹೋದಾಕಿ ನಾನ್ರಿ" ಎಂದಳು. "ಅಲ್ಲಿ ನಾ ದುಡದೀನಿ, ಅತ್ತೀನಿ, ನಕ್ಕೀನಿ, ಸಿನಿಮಾನೂ ನೋಡೀನಿ. ನೀವು ಇಲ್ಲಿ ಕುಂತು ನನಗ ಪಾಪ ಪಾಪ ಅಂತಿದ್ರಿ. ಸಿಟ್ಟಾಗೋದಿದ್ರ ನಾ ಆಗ್ತಿದ್ದೆ. ನಿಮ್ಮ ಜಗಳದಾಗಿಂದ ನನ್ನ ಹೆಸರು ತಗೀರಿ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದಕ್ಕೇ ಅದು ಹೆಚ್ಚು ತಾಗಿತು. ಅತ್ತೆ ಎದ್ದು ಅಡಿಗೆಮನೆಗೆ ಹೋದರು. ಬಹಳ ಹೊತ್ತು ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ಮಾತ್ರ ಬಂತು. ನಾನು ಹೊರಗೆ ಗಂಗಾಬಾಯಿಯ ಪಕ್ಕದಲ್ಲಿ ಕೂತು, ಪುಸ್ತಕದಲ್ಲಿ ಓದಿದ ಯಾವ ಮೆಟ್ಟಿಲಿಗೂ ಈ ಸದ್ದು ಸೇರುವುದಿಲ್ಲವಲ್ಲ ಎಂದು ಯೋಚಿಸುತ್ತಿದ್ದೆ. ತನ್ನ ಪ್ರೀತಿಯಲ್ಲಿ ಇಷ್ಟು ವರ್ಷ ಬೆಳೆಸಿಕೊಂಡ ಒಂದು ದುಃಖ ತಾನು ಪ್ರೀತಿಸಿದವಳಿಗೇ ಬೇಡವಾಗಿದೆ ಎಂದು ತಿಳಿದಾಗ, ಒಬ್ಬ ಹೆಣ್ಣುಮಗಳು ಅದನ್ನು ಎಲ್ಲಿ ಇಳಿಸಿಡಬೇಕು?

ಮಧ್ಯಾಹ್ನ ಊಟಕ್ಕೆ ಕೂತೆವು. ಬಿಳಿ ಜೋಳದ ರೊಟ್ಟಿ, ಪುಂಡಿಪಲ್ಯ, ಹುಡುಗಿಗೆಂದು ಬೆಲ್ಲ ತುಪ್ಪ. ನಾನು ದೇವರನ್ನು ನಂಬದವಳಾದರೂ ಹಳೆಯ ಹುದ್ದೆಯ ಅಭ್ಯಾಸದಿಂದ ಕಣ್ಣುಮುಚ್ಚಿ ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಮುಟ್ಟಿ ತಡೆದರು. ಗಂಗಾಬಾಯಿ ಮಗಳ ಕೈಯನ್ನು ತಟ್ಟೆಯಿಂದ ಹಿಂದಕ್ಕೆ ಎಳೆದು ಹಿಡಿದುಕೊಂಡಳು. ಹೊರಗೆ ಯಾವುದೋ ಗಾಡಿ ಎತ್ತಿನ ಗಂಟೆ ಸದ್ದು ಮಾಡುತ್ತ ಹೋಗುವವರೆಗೂ ಕಾದು ಅತ್ತೆ ತಾವೇ ಕಣ್ಣುಮುಚ್ಚಿದರು.

"ನಾ ಸುಮ್ಮಿದ್ದೆ, ಖರೆ" ಎಂದರು ಕೊನೆಗೆ. "ನೀನರೆ ಒಂದ್ ಮಾತು ಆಡಬಹುದಿತ್ತಿಲ್ಲ?"

ಆಮೇಲೆ, "ಆಯ್ತು ಬಿಡು. ಗಂಗಾ ಬಂದಾಳ" ಎಂದರು. ಅಷ್ಟೇ. ಆಮೆನ್ ಅನ್ನಲು ಮರೆತದ್ದರಿಂದ ಯಾವಾಗ ಕಣ್ಣು ತೆರೆಯಬೇಕೆಂದು ನಮಗಾರಿಗೂ ತಿಳಿಯಲಿಲ್ಲ. ಮೊದಲು ತೆರೆದು ರೊಟ್ಟಿ ಮುರಿದವಳು ಗಂಗಾಬಾಯಿ. ಅವನು ಏನಾದರೂ ಅಂದನೇ ಎಂದು ಅವಳು ಕೇಳಿದ್ದಕ್ಕೆ, ಅವನು ಯಾವಾಗ ಏನಂದಿದ್ದಾನೆ, ಕೇಳುತ್ತಾನೆ ಅಷ್ಟೇ ಎಂದು ಅತ್ತೆ ಅವಳ ತಟ್ಟೆಗೆ ಪಲ್ಯ ಬಡಿಸಿದರು. ಸಂಜೆ ಸ್ಟೇಷನ್ನಿನಲ್ಲಿ ಇಬ್ಬರೂ ಕಿಟಕಿಯ ಆಚೆ ಈಚೆ ನಿಂತು, ಗಾಡಿ ಹೊರಡುವವರೆಗೂ ಪುಂಡಿಪಲ್ಯಕ್ಕೆ ಎಷ್ಟು ಬೆಳ್ಳುಳ್ಳಿ ಬೇಕೆಂದು ವಾದಿಸುತ್ತಿದ್ದರು. ಮುಂದೆ ಗಂಗಾಬಾಯಿ ಪ್ರತಿವರ್ಷ ತಪ್ಪದೆ ಬಂದಳು, ಪ್ರತಿವರ್ಷ ವಾದಿಸಿದಳು.

ನನಗೆ ಬೀದರಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಅತ್ತೆ ನಿವೃತ್ತರಾಗಿ ನಮ್ಮ ಮನೆಗೇ ಬಂದರು. ನನ್ನ ಮೆಟ್ಟಿಲ ಪಾಠದ ಪ್ರಕಾರ ಅವರು ಆ ಹೊತ್ತಿಗೆ ಮೌನಿಯಾಗಿ, ಅಂತರ್ಮುಖಿಯಾಗಿ, ತುದಿಯ ಮುದುಕನ ಪಕ್ಕದಲ್ಲಿ ಕಣ್ಣುಮುಚ್ಚಿ ಕೂರಬೇಕಿತ್ತು. ಅವರೋ, ಮಾತು ಬಿಟ್ಟ ವರ್ಷಗಳ ಬಾಕಿಯನ್ನೆಲ್ಲ ತೀರಿಸುವವರಂತೆ ದಿನವಿಡೀ ಮಾತಾಡಿದರು. ಹಾಲಿನವನು ನೀರು ಬೆರೆಸಿದ್ದು, ನನ್ನ ಗಂಡ ಸಂತೆಯಿಂದ ಬಲಿತ ಬೆಂಡೆಕಾಯಿ ತಂದದ್ದು, ನಾನು ತರಗತಿಯಲ್ಲಿ ಬರೆಯುವ ಚಿತ್ರ ಯಾವುದನ್ನೂ ಹೋಲದಿರುವುದು, ಎಲ್ಲವೂ ಮೇಲಕ್ಕೆ ವರದಿಯಾಗುತ್ತಿತ್ತು. ನನ್ನ ಗಂಡ ಬ್ಯಾಂಕಿನ ಮನುಷ್ಯ, ಗೌಪ್ಯತೆಯಲ್ಲಿ ನಂಬಿಕೆ ಉಳ್ಳವರು. ಬೆಂಡೆಕಾಯಿಯ ಸಂಗತಿಯನ್ನಾದರೂ ಮನೆಯೊಳಗೇ ಇಟ್ಟುಕೊಳ್ಳಬಹುದಿತ್ತು ಎಂದು ಗೊಣಗುತ್ತಿದ್ದರು. ಏನನ್ನಾದರೂ ಬೇಡುವುದನ್ನು ಮಾತ್ರ ಅತ್ತೆ ಬಿಟ್ಟಿದ್ದರು. ಬರೀ ಸುದ್ದಿ ಹೇಳುವರು. ಕೊನೆಯ ದಿನವೂ, ನೀರು ಕುಡಿಸುತ್ತಿದ್ದ ನನ್ನ ಕೈಯನ್ನು ಸರಿಸಿ, ನಾನು ತಿಳಿಯಲಾರದಷ್ಟು ಸಣ್ಣ ದನಿಯಲ್ಲಿ ಏನೋ ಹೇಳುತ್ತಲೇ ಇದ್ದರು. ಮುಖದಲ್ಲಿ ಬೇಸರವಿರಲಿಲ್ಲ.

ಓದುಗ ಮಹಾಶಯರೇ, ಅವರನ್ನು ಎಲ್ಲಿ ನಿಲ್ಲಿಸಿದಿರೋ ನಾನು ಕೇಳುವುದಿಲ್ಲ. ನಾನಂತೂ ನಿವೃತ್ತಿಯ ಹಿಂದಿನ ವರ್ಷಗಳಲ್ಲಿ ಆ ಮೆಟ್ಟಿಲು ಬರೆಯುವುದನ್ನೇ ಬಿಟ್ಟೆ. ನನ್ನ ಅಪನಂಬಿಕೆ ಕೂಡ, ಯಾವ ದಿನವೆಂದು ಹೇಳಲಾಗದಂತೆ, ತೊಳೆದ ಬಟ್ಟೆಯ ಬಣ್ಣದಂತೆ ಸದ್ದಿಲ್ಲದೆ ತೆಳುವಾಗುತ್ತ ಬಂದಿದೆ. ಅದರ ಜಾಗಕ್ಕೆ ನಂಬಿಕೆ ಬಂದಿದೆ ಎಂದು ಹೇಳಲು ಧೈರ್ಯವಿಲ್ಲ. ಬುದ್ಧಿಯ ಮಟ್ಟಿಗೆ ನಾನು ಅತ್ತೆಗಿಂತ ಹೆಚ್ಚು ಓದಿದವಳು, ನಿಜ. ಆದರೆ ಕಣ್ಣಿಗೆ ಕಾಣದವನ ಜೊತೆ ಜಗಳವಾಡಿ, ವರ್ಷಗಟ್ಟಲೆ ಮುನಿಸಿಕೊಂಡು, ಒಂದು ಮಧ್ಯಾಹ್ನ ರೊಟ್ಟಿಯ ಮುಂದೆ ರಾಜಿಯಾಗುವಷ್ಟು ಸಲಿಗೆ ನನ್ನಲ್ಲಿ ಇನ್ನೂ ಬೆಳೆದಿಲ್ಲ.

ಮೊನ್ನೆ ಮಧ್ಯಾಹ್ನ ಅಂಗಳದಲ್ಲಿ ಒಬ್ಬಳೇ ಕೂತು ತೊಗರಿಬೇಳೆ ಆರಿಸುತ್ತಿದ್ದೆ. ಅತ್ತೆ ಬಹಳ ನೆನಪಾದರು. ಯಾರಿಗಾದರೂ ಅದನ್ನು ಹೇಳಬೇಕೆನಿಸಿತು. ಅವರು ಹೇಳುತ್ತಿದ್ದವನಿಗೇ ಹೇಳಿ ನೋಡೋಣವೆಂದು, ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡೆ. ಅತ್ತೆಯಂತೆ ಏಕವಚನದಲ್ಲಿ ಕರೆಯಲು ನಾಲಿಗೆ ಏಳಲಿಲ್ಲ. ಮೊದಲ ಸಲ ಮಾತಾಡಿಸುವವರನ್ನು ನಮ್ಮ ಕಡೆ ಹೇಗೆ ಕರೆಯುತ್ತೇವೋ ಹಾಗೇ ಮರ್ಯಾದೆಯಿಂದ, ಮೇಲೆ ನೋಡಿ, "ಏನ್ರೀ, ಕೇಳಸ್ಲತ್ತದೇನ್ರಿ?" ಎಂದೆ.

"ಹೇಳು, ಏನಾಯ್ತು?" ಎಂದು ಒಳಗಿನ ಕೋಣೆಯಿಂದ ನನ್ನ ಗಂಡ ಓಗೊಟ್ಟರು.

ನಿಮ್ಮನ್ನು ಕರೆಯಲಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಮತ್ತೆ ಯಾರನ್ನು ಎಂದು ಕೇಳಿದರೆ ಏನು ಹೇಳುವುದು? ಅಷ್ಟರಲ್ಲಿ ಅವರು ಪತ್ರಿಕೆ ಮಡಿಸುತ್ತ ಬಂದು ಎದುರಿಗೆ ಕೂತು, ಮೊರದ ಒಂದು ಬದಿ ತಮ್ಮತ್ತ ಎಳೆದುಕೊಂಡು ಕಲ್ಲು ಆರಿಸತೊಡಗಿದ್ದರು. ಹೇಳಬೇಕೆಂದಿದ್ದುದನ್ನೆಲ್ಲ ಅವರಿಗೇ ಹೇಳಿದೆ.